ಸಾವಿರದ ನೂರನೇ ಮರ

ಮಾರ್ಚ್ ೪, ಸೋಮವಾರ

ಈ ನೋಟುಬುಕ್ಕು ಅತ್ತೆ ಕೊಟ್ಟದ್ದು. ಅತ್ತೆ ಎಂದರೆ ಅಪ್ಪನ ಅಕ್ಕ, ನನ್ನನ್ನು ಸಾಕಿದವಳು, ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಈಗ ನನ್ನ ಜೊತೆ ಅರಣ್ಯ ಇಲಾಖೆಯ ಕ್ವಾರ್ಟರ್ಸಿನಲ್ಲಿ ಕಾಲು ಚಾಚಿ ಕೂತಿರುವವಳು. ಸಂಜೆ ಕೋರ್ಟಿನಿಂದ ಬಂದು ಬೂಟು ಬಿಚ್ಚುವ ಮೊದಲೇ ನಾನು ಬೈಗುಳ ಶುರು ಮಾಡಿದೆ. ಅರ್ಧ ಗಂಟೆ ಕೇಳಿದಳು. ಆಮೇಲೆ ಎದ್ದು ಹೋಗಿ ಟ್ರಂಕಿನಿಂದ ಇದನ್ನು ತಂದು ನನ್ನ ಮಡಿಲಿಗೆ ಹಾಕಿದಳು. "ಇನ್ನು ಬೈಯೋದಿದ್ರೆ ಇದರಲ್ಲಿ ಬರಿ. ನನ್ನ ಕಿವಿಗೂ ನಿವೃತ್ತಿ ಬೇಡ್ವಾ?"

ಸರಿ, ಬರೆಯುತ್ತೇನೆ. ಆ ಟೋಪಿಯವನ ಬಗ್ಗೆಯೇ ಬರೆಯುತ್ತೇನೆ.

ಗುಡ್ಡದ ಆಚೆಯ ಬಯಲಿನಲ್ಲಿ ಕರೆಂಟು ತೆಗೆಯುವ ಕಂಪನಿಯ ಗಾಳಿಯಂತ್ರಗಳು ನಿಂತಿವೆ. ಈಚೆ ಪಟ್ಟಣ. ನಡುವೆ ನನ್ನ ಕಾಡು. ಅಲ್ಲಿಂದ ಇಲ್ಲಿಗೆ ಕಾಡಿನ ಮೇಲೆ ದೊಡ್ಡ ಕರೆಂಟು ತಂತಿ ಎಳೆಯಲೇಬೇಕು ಎನ್ನುವುದು ಕಂಪನಿಯ ಹಟ. ಕೂಡದು ಎನ್ನುವುದು ನಮ್ಮ ಇಲಾಖೆಯ ಹಟ. ತಂತಿಯ ಕೆಳಗಿನ ಪಟ್ಟಿಯಲ್ಲಿ ಒಂದು ಮರವನ್ನೂ ಉಳಿಸುವಂತಿಲ್ಲ. ಹಾಗಾದರೆ ಆ ಪಟ್ಟಿಯಲ್ಲಿ ಎಷ್ಟು ಮರ ಇವೆ ಎಂದು ಕೋರ್ಟು ಕೇಳಿತು. ಕಳೆದ ಚಳಿಗಾಲದಲ್ಲಿ ಎಣಿಸಿದವಳು ನಾನು. ಮೂರು ಸಾವಿರದ ನಾನೂರ ಹನ್ನೆರಡು. ಒಂದೊಂದಕ್ಕೂ ಬಣ್ಣದಲ್ಲಿ ನಂಬರು ಬರೆಸಿ, ಸುತ್ತಳತೆ ಹಿಡಿದು, ರಿಜಿಸ್ಟರಿಗೆ ಏರಿಸಿ, ಕೆಳಗೆ ಸಹಿ ಹಾಕಿದ್ದೇನೆ.

ಇವತ್ತು ನ್ಯಾಯಾಧೀಶರು ಕಂಪನಿಯ ಸರ್ವೇಯರನ್ನು ಕೇಳಿದರು. ಅವನು ಬಟ್ಟೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಎದ್ದು ನಿಂತ. "ನಮ್ಮ ಅಂದಾಜಿನಲ್ಲಿ ಎರಡೂವರೆ ಸಾವಿರ ಇರಬಹುದು ಸ್ವಾಮಿ. ಅರಣ್ಯದವರು ಸ್ವಲ್ಪ ಪ್ರೀತಿಯಿಂದ ಎಣಿಸಿದ್ದಾರೆ ಅಂತ ಕಾಣುತ್ತೆ" ಅಂದ.

ಇಡೀ ಕೋರ್ಟು ನಕ್ಕಿತು. ನನ್ನ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ ಆ ಕಾಡು ಕಾದಿದ್ದೇನೆ, ನನಗೆ ಲೆಕ್ಕ ಹೇಳಿಕೊಡಲು ಬಂದ, ಟೋಪಿ.

ಮಾರ್ಚ್ ೭, ಗುರುವಾರ

ಟೋಪಿ ಇವತ್ತು ಕಾಡು ನೋಡಲು ಬಂದಿದ್ದ. ಕೋರ್ಟಿನ ಅಪ್ಪಣೆ ಇದೆಯಂತೆ. ಬೇಕೆಂದೇ ಕಡಿದಾದ ದಾರಿಯಲ್ಲಿ ಹತ್ತಿಸಿದೆ. ಮೇಲೆ ಹೋಗುವಷ್ಟರಲ್ಲಿ ಅವನು ಮುಖ ಕೆಂಪಗಾಗಿ ಬಂಡೆಯ ಮೇಲೆ ಕುಸಿದು ಕೂತ. ಎಷ್ಟು ಖುಷಿಯಾಯಿತು ಎಂದರೆ ಬರೆಯಲು ನಾಚಿಕೆಯಾಗುತ್ತದೆ.

ಉಸಿರು ಬಂದ ಮೇಲೆ ಕೇಳಿದ್ದೇನು? "ಆ ಬಗ್ಗಿದ ಮರವನ್ನ ನೀವು ತಟ್ಟಿ ಮುಂದೆ ಬಂದ್ರಿ. ಅದಕ್ಕೊಂದು ಹೆಸರಿದೆಯಾ?"

ಇದೆ. ಗೂನಜ್ಜ. ಬೆನ್ನು ಬಾಗಿದೆ, ಅದಕ್ಕೆ. ಹೇಳಲಿಲ್ಲ. ಇವನಿಗೆ ಯಾಕೆ ಹೇಳಬೇಕು?

ಮಾರ್ಚ್ ೧೦, ಭಾನುವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಅಂಕಿ ಕಂಡರೆ ಅತ್ತೆಗೆ ಕೈ ತುರಿಸುತ್ತದೆ. ಬೆಳಿಗ್ಗೆ ಹೊತ್ತು ಹೋಗದೆ ನನ್ನ ಮರದ ರಿಜಿಸ್ಟರಿನ ನಕಲು ತೆಗೆದುಕೊಂಡು ವರಾಂಡದಲ್ಲಿ ಕೂತಳು. ನಾನು ಬಟ್ಟೆ ಒಣಹಾಕುತ್ತಿದ್ದೆ.

"ಪುಟಕ್ಕೆ ಎಷ್ಟು ಮರ ಬರ್ದಿದ್ದೀಯ?"

"ಇಪ್ಪತ್ತೈದು."

"ಪುಟ ಎಷ್ಟಿವೆ?"

"ನಂಗೇನು ಗೊತ್ತು? ಎಣಿಸ್ಕೋ."

"ಎಣಿಸಿದೆ. ನೂರೊಂದು. ನೂರೊಂದು ಪುಟದಲ್ಲಿ ಮೂರು ಸಾವಿರದ ನಾನೂರು ಮರ ಹೆಂಗೆ ಹಿಡೀತು ಹುಡುಗಿ?"

ಒದ್ದೆ ಶರ್ಟು ಕೈಯಲ್ಲಿ ಹಿಡಿದೇ ಓಡಿದೆ. ನಲವತ್ತನಾಲ್ಕನೇ ಪುಟದ ಕೊನೆಯ ಎರಡು ಸಾಲು. ಮೊದಲನೆಯದು ೧೦೯೯. ಅದರ ಕೆಳಗೆ, ನನ್ನದೇ ದುಂಡು ಅಕ್ಷರದಲ್ಲಿ, ೨೦೦೦.

ಒಂಬೈನೂರು ಮರ ಇಲ್ಲವೇ ಇಲ್ಲ. ಇರುವುದು ಎರಡು ಸಾವಿರದ ಐನೂರ ಹನ್ನೆರಡು. ಟೋಪಿ ಹೇಳಿದ್ದು ಸರಿ.

ಮಾರ್ಚ್ ೧೧, ಸೋಮವಾರ

ನಂಬರು ಬರೆದವನು ಬಣ್ಣದಣ್ಣ. ಇಲಾಖೆಯ ಹಳೆಯ ನೌಕರ, ಡಬ್ಬಿ ಮತ್ತು ಕುಂಚ ಇಲ್ಲದೆ ಅವನನ್ನು ಯಾರೂ ಕಂಡಿಲ್ಲ. ಅವನು ನಂಬರು ಕೂಗಿ ಮರದ ಮೇಲೆ ಬರೆಯುತ್ತಾನೆ, ನಾನು ಕಿವಿಗೆ ಬಿದ್ದದ್ದನ್ನು ರಿಜಿಸ್ಟರಿಗೆ ಬರೆಯುತ್ತೇನೆ. ನಮ್ಮ ಪದ್ಧತಿಯೇ ಅದು. ಅವನನ್ನು ಕರೆದುಕೊಂಡು ಹೋಗಿ ನೋಡಿದೆ. ಒಂದು ಮರದ ಮೇಲೆ ೧೦೯೯, ಪಕ್ಕದ್ದರ ಮೇಲೆ ೨೦೦೦. ಬಿಳಿ ಬಣ್ಣ, ಕಣ್ಣಿಗೆ ರಾಚುವಂತೆ.

ಬಣ್ಣದಣ್ಣ ತಲೆ ಕೆರೆದುಕೊಂಡ. "ಅಮ್ಮಾ, ಇದು ಜೇನು ಎದ್ದ ಜಾಗ ಅಲ್ವಾ?"

ಹೌದು. ನೆನಪಾಯಿತು. ಸಾವಿರದ ತೊಂಬತ್ತೊಂಬತ್ತು ಬರೆದು ಮುಗಿಸುವಷ್ಟರಲ್ಲಿ ಮೇಲಿನ ಹುಟ್ಟಿನಿಂದ ಜೇನು ಎದ್ದಿತು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಹಳ್ಳಕ್ಕೆ ಓಡಿ ಕತ್ತಿನವರೆಗೆ ನೀರಿನಲ್ಲಿ ಕೂತಿದ್ದೆವು. ಗಂಟೆಯಾದ ಮೇಲೆ ಮುಖ ಊದಿಸಿಕೊಂಡು ವಾಪಸು ಬಂದೆವು. "ಎಲ್ಲಿಗೆ ಬಂದಿತ್ತು?" ಎಂದು ಅವನು ಕೇಳಿದ. "ಸಾವಿರದ ತೊಂಬತ್ತೊಂಬತ್ತು" ಎಂದೆ. "ಹಂಗಾದ್ರೆ ಇನ್ನು ಎರಡು ಸಾವಿರ" ಎಂದು ಅವನು ಕೂಗಿದ, ನಾನು ಬರೆದೆ. ನನಗಾಗ ಒಂದು ಕಣ್ಣು ಮಾತ್ರ ತೆರೆಯುತ್ತಿತ್ತು.

ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು. ಆಮೇಲೆ ನಗು ನಿಂತುಹೋಯಿತು.

ಮಾರ್ಚ್ ೧೨, ಮಂಗಳವಾರ

ನಮ್ಮ ವಲಯದ ಸಾಹೇಬರಿಗೆ ಹೇಳಿದೆ. ಅವರು ಮೊದಲು ಬಾಗಿಲು ಹಾಕಿದರು.

"ಯಾರಿಗೆ ಗೊತ್ತು?"

"ನನಗೆ, ನಮ್ಮತ್ತೆಗೆ, ಬಣ್ಣದಣ್ಣನಿಗೆ."

"ಆ ಮೂರು ಜನದಲ್ಲೇ ಇರಲಿ. ನೋಡಮ್ಮ, ನೀನು ಹೇಳಿದ್ರೆ ಹೋಗೋದು ಬರೀ ಒಂಬೈನೂರಲ್ಲ. ಸುಳ್ಳು ರಿಪೋರ್ಟು ಅಂತ ಇಡೀ ಫೈಲನ್ನೇ ಎತ್ತಿ ಬಿಸಾಕ್ತಾರೆ. ಇರೋ ಎರಡೂವರೆ ಸಾವಿರ ಮರಕ್ಕೂ ಕೊಡಲಿ ಬೀಳುತ್ತೆ. ನಿನ್ನ ಕೆಲಸಕ್ಕೂ. ಹೇಳದಿದ್ರೆ ಯಾರು ಬಂದು ಎಣಿಸ್ತಾರೆ?"

ಅವರು ಕೆಟ್ಟವರಲ್ಲ. ಕಾಡು ಉಳಿಯಲಿ ಎಂದೇ ಹೇಳಿದ್ದು. ಸಲಾಮು ಹೊಡೆದು ಹೊರಗೆ ಬಂದೆ.

ಮಾರ್ಚ್ ೧೫, ಶುಕ್ರವಾರ

ಗೂನಜ್ಜನ ಕೆಳಗೆ ಕೂತು ಊಟದ ಡಬ್ಬಿ ತೆರೆದೆ. ಹಾಗೇ ಮುಚ್ಚಿ ಮನೆಗೆ ವಾಪಸು ತಂದೆ.

ಮಾರ್ಚ್ ೧೭, ಭಾನುವಾರ

ನಾಳೆ ಕೋರ್ಟು. ಅತ್ತೆ ವಾರದಿಂದ ಏನೂ ಕೇಳಿರಲಿಲ್ಲ. ಇವತ್ತು ನಾನೇ ಕೇಳಿದೆ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು.

"ತಪ್ಪು ಲೆಕ್ಕಕ್ಕೆ ಸಾವಿರಾರು ಸೊನ್ನೆ ಕೊಟ್ಟಿದ್ದೀನಿ. 'ಟೀಚರ್, ಇದು ತಪ್ಪಾಗಿದೆ' ಅಂತ ತಾನೇ ತಂದು ತೋರಿಸಿದ ಮಗುಗೆ ಒಂದು ದಿನಾನೂ ಕೊಟ್ಟಿಲ್ಲ. ಆದ್ರೆ ನಾನು ಟೀಚರ್ರು ಕಣೇ, ಜಡ್ಜಲ್ಲ. ನಿನ್ನ ಕಾಡು, ನಿನ್ನ ಕೆಲಸ, ನೀನೇ ನೋಡ್ಕೋ" ಅಂದಳು. ಅಂದು, ನನ್ನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಟ್ಟಳು.

ಮಾರ್ಚ್ ೧೮, ಸೋಮವಾರ

ಹೇಳಿಬಿಟ್ಟೆ.

ಸಾಕ್ಷಿ ಕಟ್ಟೆಯನ್ನು ರಿಜಿಸ್ಟರು ಹಿಡಿದೇ ಹತ್ತಿದೆ. ನ್ಯಾಯಾಧೀಶರು ವಯಸ್ಸಾದವರು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಮೇಜೆಲ್ಲ ಕನ್ನಡಕ ಹುಡುಕುವವರು. ನಾನು ಜೇನಿನ ಕಥೆಯನ್ನು ಹಳ್ಳದ ನೀರಿನ ತನಕ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಕಂಪನಿಯ ವಕೀಲರು ಮಾತ್ರ ಎದ್ದು, "ಹಾಗಾದರೆ ಈ ವರದಿಯಲ್ಲಿ ಯಾವುದನ್ನು ನಂಬುವುದು ಸ್ವಾಮಿ? ಪೂರ್ತಿ ತಳ್ಳಿಹಾಕಬೇಕು" ಅಂದರು. ನನ್ನ ಸಾಹೇಬರು ಕಣ್ಣು ಮುಚ್ಚಿಕೊಂಡರು.

ನ್ಯಾಯಾಧೀಶರಿಗೆ ಕೊನೆಗೂ ಕನ್ನಡಕ ಸಿಕ್ಕಿತು. ಹಾಕಿಕೊಂಡು ನನ್ನನ್ನು ನೋಡಿದರು.

"ಇದನ್ನು ಯಾರಾದರೂ ಕಂಡುಹಿಡಿದಿದ್ದರೇನಮ್ಮ?"

"ಇಲ್ಲ ಸ್ವಾಮಿ. ನಮ್ಮತ್ತೆ ಒಬ್ಬರೇ."

"ಇಪ್ಪತ್ತು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ. ತನ್ನ ಪಕ್ಷಕ್ಕೇ ನಷ್ಟವಾಗುವ ತಪ್ಪನ್ನು ತಾನೇ ಹೊತ್ತು ತಂದವರನ್ನು ಇವತ್ತೇ ನೋಡಿದ್ದು. ವಕೀಲರೇ, ನಂಬುವುದಾದರೆ ಇವರನ್ನೇ ನಂಬಬೇಕು."

ಅಪ್ಪಣೆ ಏನೆಂದರೆ, ಅರಣ್ಯದ ಕಡೆಯಿಂದ ನಾನು, ಕಂಪನಿ ಕಡೆಯಿಂದ ಸರ್ವೇಯರು, ಇಬ್ಬರೂ ಸೇರಿ ಮತ್ತೆ ಎಣಿಸಬೇಕು. ತಂತಿಗೆ ಬೇರೆ ದಾರಿ ಇದ್ದರೆ ಅದನ್ನೂ ನಡೆದು ನೋಡಿ, ಜಂಟಿ ವರದಿ ಕೊಡಬೇಕು. ಮೂರು ವಾರ ಗಡುವು.

ಮೂರು ವಾರ ಟೋಪಿಯ ಜೊತೆ. ಇದಕ್ಕಿಂತ ಕೆಲಸ ಹೋಗಿದ್ದರೇ ಚೆನ್ನಾಗಿತ್ತು. ಆದರೂ ರಾತ್ರಿಯ ಊಟ ಎರಡು ಸಲ ಬಡಿಸಿಕೊಂಡೆ.

ಮಾರ್ಚ್ ೨೧, ಗುರುವಾರ

ಮೂರು ದಿನಕ್ಕೆ ಏಳುನೂರ ಎಂಬತ್ತು ಮರ. ಟೋಪಿಯ ಪದ್ಧತಿಯೇ ಬೇರೆ. ಅವನು ನಂಬರು ಕೂಗಬೇಕು, ನಾನು ಅದನ್ನು ತಿರುಗಿ ಕೂಗಿ ಬರೆಯಬೇಕು, ಬರೆದದ್ದನ್ನು ಅವನು ಬಂದು ನೋಡಬೇಕು, ಆಮೇಲೆ ಸೀಮೆಸುಣ್ಣದ ಗೆರೆ; ಮರದ ಮೇಲಿನ ಹಳೇ ನಂಬರು ಹಾಗೇ ಇರುತ್ತದೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದೆ. "ಜೇನಿನ ಮೇಲೆ ಇಲ್ಲ" ಅಂದ.

ನಗು ಬಂತು. ತೋರಿಸಿಕೊಳ್ಳಲಿಲ್ಲ.

ಮಾರ್ಚ್ ೨೨, ಶುಕ್ರವಾರ

ಇವತ್ತು ಆ ಜಾಗಕ್ಕೆ ಬಂದೆವು. ಸಾವಿರದ ತೊಂಬತ್ತೊಂಬತ್ತಕ್ಕೆ ಗೆರೆ ಎಳೆದು ಸರ್ವೇಯರು ನಿಂತರು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಬಣ್ಣದಣ್ಣನೂ ಕುಂಚ ಕೆಳಗಿಟ್ಟ.

"ಇದನ್ನ ನೀವೇ ಹೇಳಬೇಕು" ಅಂದರು ಸರ್ವೇಯರು.

"ಸಾವಿರದ ನೂರು" ಎಂದು ಕೂಗಿದೆ. ಎಷ್ಟು ಜೋರಾಗಿ ಎಂದರೆ ಮೇಲಿದ್ದ ಹಕ್ಕಿಗಳೆಲ್ಲ ಹಾರಿಹೋದವು. ಬಣ್ಣದಣ್ಣ ಜೇನಿನ ಹುಟ್ಟನ್ನೇ ನೋಡುತ್ತಾ ಎರಡು ಹೆಜ್ಜೆ ಹಿಂದೆ ಸರಿದ.

ಗೂನಜ್ಜನ ಹೆಸರು ಹೇಳಿದೆ. ಕೇಳುತ್ತಿದ್ದರು ಪಾಪ, ಎರಡು ವಾರದಿಂದ.

ಮಾರ್ಚ್ ೨೬, ಮಂಗಳವಾರ

ಅತ್ತೆ ಇವತ್ತು ಎರಡು ಡಬ್ಬಿ ಕಟ್ಟಿಕೊಟ್ಟಳು. ನಾನೇನೂ ಹೇಳಿರಲಿಲ್ಲ. ಸರ್ವೇಯರು ದಿನಾ ಬರೀ ಬ್ರೆಡ್ಡು ತಿನ್ನುತ್ತಾರೆ ಎಂದು ಮಾತಿಗೆ ಹೇಳಿದ್ದೆ, ಅಷ್ಟೇ.

ಊಟಕ್ಕೆ ಗುಡ್ಡದ ನೆತ್ತಿಯಲ್ಲಿ ಕೂತೆವು. ಅಲ್ಲಿಂದ ಗಾಳಿಯಂತ್ರಗಳು ಕಾಣುತ್ತವೆ. ಅರ್ಧಕ್ಕರ್ಧ ನಿಂತಿದ್ದವು. ತಂತಿ ಇಲ್ಲದೆ ಕರೆಂಟು ಸಾಗಿಸುವುದು ಹೇಗೆ? ಗಾಳಿ ಬೀಸುತ್ತಲೇ ಇತ್ತು.

"ನನ್ನ ತಂಗಿ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು" ಅಂದರು. "ಹೆರಿಗೆ ವಾರ್ಡು. ಕರೆಂಟು ಹೋದಾಗ ಟಾರ್ಚು ಹಿಡ್ಕೊಂಡು ನಿಲ್ಲೋದೂ ಅವಳದೇ ಕೆಲಸ. ತಂತಿ ಬೇಗ ಬರಲಿ ಅಂತ ನನಗೆ ಆಸೆ ಇದೆ. ಮರ ಕಡಿಯೋಕೆ ಆಸೆ ಇಲ್ಲ. ಎರಡೂ ಒಟ್ಟಿಗೆ ಹೇಳಿದ್ರೆ ಯಾರೂ ನಂಬಲ್ಲ."

ನಾನು ನಂಬಿದೆ. ನನಗೂ ಹೊಸದು. ಇಷ್ಟು ದಿನ ಆ ಯಂತ್ರಗಳನ್ನು ಕಂಡಾಗಲೆಲ್ಲ ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಇವತ್ತು ತಿರುಗುವುದನ್ನು ನೋಡುತ್ತಾ ಕೂತರೆ ಚೆಂದವೇ ಕಂಡವು.

ಮಾರ್ಚ್ ೨೯, ಶುಕ್ರವಾರ

ಎಣಿಕೆ ಮುಗಿಯಿತು. ಎರಡು ಸಾವಿರದ ಐನೂರ ಹನ್ನೊಂದು. ಒಂದು ಕಡಿಮೆ ಬಂದಾಗ ನಾನು ರಿಜಿಸ್ಟರನ್ನು ಮೊದಲಿನಿಂದ ತಿರುವಿದೆ. ಅವರು ಬೈನಾಕ್ಯುಲರ್ ಹಿಡಿದು ಹುಡುಕಿ, ಗಾಳಿಗೆ ಬಿದ್ದು ಇಳಿಜಾರಿನಲ್ಲಿ ಜಾರಿಹೋಗಿದ್ದ ಮರವನ್ನು ನಂಬರಿನ ಸಮೇತ ತೋರಿಸಿದರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆಮೇಲೆ ನಡೆದದ್ದೇ ದೊಡ್ಡದು. ಇಳಿಯುವಾಗ ಅವರ ಮಂಡಿ ನೋಯುತ್ತಿತ್ತು. ಕಡಿದಾದ ದಾರಿ ಬೇಡ, ಹಳೇ ರಸ್ತೆಯಲ್ಲಿ ಹೋಗೋಣ ಎಂದೆ.

"ಯಾವ ಹಳೇ ರಸ್ತೆ?"

ಗುಡ್ಡವನ್ನು ಸುತ್ತಿ ಹೋಗುತ್ತದೆ. ಸೇತುವೆ ಕೊಚ್ಚಿಹೋಗಿ ಮೂವತ್ತು ವರ್ಷದಿಂದ ಅದರಲ್ಲಿ ಗಾಡಿ ಓಡಾಡುವುದಿಲ್ಲ. ಅಗಲಕ್ಕೆ ಹುಲ್ಲು ಬೆಳೆದಿದೆ, ಅಲ್ಲಲ್ಲಿ ಎಳೆ ಮರ. ನಾನು ದಿನಾ ಸೈಕಲ್ಲಿನಲ್ಲಿ ಬರುವುದೇ ಅದರಲ್ಲಿ. ಅವರು ಹತ್ತು ಹೆಜ್ಜೆ ಇಟ್ಟು ನಿಂತುಬಿಟ್ಟರು. ನಕ್ಷೆ ಬಿಚ್ಚಿದರು. ನಕ್ಷೆಯಲ್ಲಿ ಆ ಜಾಗದಲ್ಲಿ ಬರೀ ಹಸಿರು ಬಣ್ಣ.

"ಇದು ಗಾಳಿಯಂತ್ರದ ತನಕ ಹೋಗುತ್ತಾ?"

"ಹೋಗುತ್ತೆ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ತಂತಿಯೇ ಬೇಡ ಅಂತ ಕೂತವಳು ನಿಮಗೆ ದಾರಿ ತೋರಿಸ್ತೀನಾ?"

"ಅರಣ್ಯದವರು ಯಾವ ದಾರಿಗೂ ಒಪ್ಪಲ್ಲ ಅಂತ ನಾವೂ ಕೇಳಲಿಲ್ಲ."

ಇಬ್ಬರೂ ರಸ್ತೆಯ ನಡುವೆಯೇ ಕೂತು ನಕ್ಕೆವು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಎರಡು ವರ್ಷ ಕೋರ್ಟಿಗೆ ಅಲೆದಿದ್ದೇವೆ, ಮದ್ದು ನನ್ನ ಸೈಕಲ್ಲಿನ ಚಕ್ರದ ಕೆಳಗೇ ಇತ್ತು.

ಏಪ್ರಿಲ್ ೫, ಶುಕ್ರವಾರ

ಹಳೇ ರಸ್ತೆ ಪೂರ್ತಿ ಅಳೆದೆವು. ತಂತಿ ಆರು ಕಿಲೋಮೀಟರು ಹೆಚ್ಚು ಉದ್ದವಾಗುತ್ತದೆ. ಕಡಿಯಬೇಕಾದ ಮರ ನೂರ ಅರವತ್ತನಾಲ್ಕು, ಎಲ್ಲ ಎಳೆಯವು. ಆದರೆ ಕಂಪನಿಯವರು ಸರ್ವೇಯರಿಗೆ ಫೋನು ಮಾಡಿ, ಬೇರೆ ದಾರಿ ಇಲ್ಲ ಎಂದೇ ಬರೆಯಿರಿ ಎಂದಿದ್ದಾರಂತೆ. ಉದ್ದದ ದಾರಿ ಕಂಪನಿಗೆ ಬೇಡ.

"ಏನು ಮಾಡ್ತೀರಿ?" ಎಂದು ಕೇಳಿದೆ. ಅವರು ವರದಿಯನ್ನು ಬೈಕಿನ ಸೀಟಿನ ಮೇಲೆ ಇಟ್ಟು, ಇದ್ದದ್ದು ಇದ್ದಂತೆ ಬರೆದಿದ್ದ ಪುಟಕ್ಕೆ ಸಹಿ ಹಾಕಿದರು.

"ಕೆಲಸ ಹೋದ್ರೆ?"

"ನಿಮ್ಮದು ಹೋಗಬಹುದಿತ್ತು. ನೀವು ಕಟ್ಟೆ ಹತ್ತಿ ಹೇಳಲಿಲ್ವಾ? ಅವತ್ತು ನಾನು ಹಿಂದಿನ ಬೆಂಚಲ್ಲೇ ಇದ್ದೆ."

ಪೆನ್ನು ನನ್ನ ಕೈಗೆ ಕೊಟ್ಟರು. ನಾನೂ ಸಹಿ ಹಾಕಿದೆ. ಭಯವಾಗಲಿಲ್ಲ. ಎಣಿಕೆಯ ಕೆಲಸ ಮುಗಿದುಹೋಯಿತಲ್ಲ ಎಂದು ಮಾತ್ರ ಮನೆಗೆ ಬರುವಾಗ ಒಂಥರಾ ಬೇಜಾರಾಯಿತು. ದಿನಾ ನಡೆದು ಅಭ್ಯಾಸವಾಗಿದೆ, ಅದಕ್ಕಿರಬೇಕು.

ಏಪ್ರಿಲ್ ೧೪, ಭಾನುವಾರ

ಈ ವಾರ ಬರೆಯಲು ಏನೂ ಇಲ್ಲ. ಕಾಡೆಲ್ಲ ಖಾಲಿ ಖಾಲಿ.

"ಬೈಗುಳದ ಪುಸ್ತಕ ತುಂಬ್ತಾ?" ಎಂದು ಅತ್ತೆ ಕೇಳಿದಳು. ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಬೈದದ್ದು ಬಹಳ ಕಡಿಮೆ. ಪುರುಸೊತ್ತು ಆಗಿಲ್ಲ ಎಂದೆ.

ಏಪ್ರಿಲ್ ೨೨, ಸೋಮವಾರ

ತೀರ್ಪು ಬಂತು. ಗೂನಜ್ಜ ಉಳಿದ. ಎರಡು ಸಾವಿರದ ಐನೂರ ಹನ್ನೊಂದೂ ಉಳಿದವು. ಬರೆಯುತ್ತಿದ್ದರೆ ಕಣ್ಣು ಮಂಜಾಗುತ್ತಿದೆ.

ಅತ್ತೆಯೂ ಕೋರ್ಟಿಗೆ ಬಂದಿದ್ದಳು. ಉದ್ದ ಜಾಸ್ತಿ, ನಷ್ಟ ಜಾಸ್ತಿ ಎಂದು ಕಂಪನಿಯ ವಕೀಲರು ಒಂದು ಗಂಟೆ ಹೇಳಿದರು. ತಂತಿಯೇ ಬೇಡ ಎಂದು ನಮ್ಮ ವಕೀಲರು ಇನ್ನೊಂದು ಗಂಟೆ ಹೇಳಿದರು. ನ್ಯಾಯಾಧೀಶರು ಇಬ್ಬರನ್ನೂ ಕೇಳಿ, ಆಸ್ಪತ್ರೆಗೆ ಕರೆಂಟು ಬೇಕು, ಕಾಡಿಗೆ ಮರ ಬೇಕು, ಒಂದನ್ನು ತೋರಿಸಿ ಇನ್ನೊಂದನ್ನು ಕಿತ್ತುಕೊಳ್ಳಲು ನಾನು ಒಪ್ಪುವುದಿಲ್ಲ ಎಂದರು. ತಂತಿ ಹಳೇ ರಸ್ತೆಯ ಮೇಲೆಯೇ ಹೋಗಬೇಕು. "ಗಾಳಿಗೂ ಕಾಡಿಗೂ ಜಗಳವೇ ಇರಲಿಲ್ಲ. ಜಗಳ ಇದ್ದದ್ದು ಒಬ್ಬರನ್ನೊಬ್ಬರು ಒಂದು ಮಾತು ಕೇಳದ ಎರಡು ಕಚೇರಿಗಳಿಗೆ" ಎಂದು ಓದಿದರು.

ಆಮೇಲೆ ಕನ್ನಡಕ ಹಣೆಗೆ ಏರಿಸಿ ನನ್ನ ಕಡೆ ನೋಡಿದರು. "ಇನ್ನೊಂದು ವಿಷಯ. ಈ ಕೋರ್ಟಿನ ದಾಖಲೆಯಲ್ಲಿ ಸಾವಿರದ ನೂರರಿಂದ ಸಾವಿರದ ಒಂಬೈನೂರ ತೊಂಬತ್ತೊಂಬತ್ತರವರೆಗೆ ಮರಗಳು ಕಾಣೆಯಾಗಿವೆ. ಕಡಿಯುವ ಮರಗಳ ಬದಲಿಗೆ ಕಂಪನಿಯವರು ಒಂಬೈನೂರು ಸಸಿ ಕೊಡಬೇಕು. ಅವಕ್ಕೆ ಅವೇ ನಂಬರು ಹಾಕಬೇಕು. ಎಣಿಸಿದ ಇಬ್ಬರೇ ಮುಂದೆ ನಿಂತು ನೆಡಿಸಬೇಕು. ಮೂರು ಮಳೆಗಾಲದ ಅವಧಿ ಕೊಟ್ಟಿದ್ದೇನೆ. ಆ ಹೊತ್ತಿಗೆ ಈ ತಾಯಿಯ ರಿಜಿಸ್ಟರು ನಿಜವಾಗಬೇಕು."

ಈ ಸಲ ಇಡೀ ಕೋರ್ಟು ನಕ್ಕಿತು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ಸಾಹೇಬರು ಎಣಿಕೆಯ ತಪ್ಪಿಗೆ ಎಚ್ಚರಿಕೆ ಪತ್ರ ಕೈಗಿಟ್ಟು, ಚಹಾ ಕುಡಿಸಿದರು.

"ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ" ಎಂದು ಅತ್ತೆ ಮೆಟ್ಟಿಲಿಳಿಯುತ್ತಾ ಹೇಳಿದಳು. ಕೆಳಗೆ ಸರ್ವೇಯರು ನಿಂತಿದ್ದರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಮನೇಲಿ ಒಟ್ಟು ಎಷ್ಟು ಜನಪ್ಪ?" ಅಂದಳು.

"ತಂಗಿಗೆ ಮದುವೆಯಾಯ್ತು ಟೀಚರ್. ಈಗ ನಾನೊಬ್ಬನೇ."

"ಒಂದು ಅಂದ್ರೆ ಲೆಕ್ಕ ಅಲ್ಲ. ಲೆಕ್ಕದ ಶುರು ಅಷ್ಟೇ."

ಇವಳಿಗೆ ಎಲ್ಲಿ ಹೋದರೂ ಪಾಠ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ, ಯಾಕೋ.

ಜೂನ್ ೨೩, ಭಾನುವಾರ

ಮಳೆ ಹಿಡಿದು ವಾರವಾಯಿತು. ಅವರ ಕೆಲಸ ಹೋಗಲಿಲ್ಲ. ಹಳೇ ರಸ್ತೆಯ ತಂತಿಗೆ ಅಳತೆ ಗೊತ್ತಿರುವವರು ಬೇರೆ ಯಾರಿದ್ದಾರೆ?

ಇವತ್ತು ನಮ್ಮ ಮೊದಲ ಭಾನುವಾರ. ಗೂನಜ್ಜನ ಹಿಂದಿನ ಬೋಳು ಇಳಿಜಾರಿನಲ್ಲಿ ಅವರು ಗುಂಡಿ ತೋಡಿದರು, ನಾನು ಸಸಿ ಇಟ್ಟೆ, ಬಣ್ಣದಣ್ಣ ಪಕ್ಕದ ಗೂಟದ ಮೇಲೆ ನಂಬರು ಬರೆದ. ಅತ್ತೆ ಕೊಡೆ ಹಿಡಿದು ಬಂಡೆಯ ಮೇಲೆ ಕೂತು ರಿಜಿಸ್ಟರು ನೋಡಿಕೊಂಡಳು. ಮೊದಲನೆಯದಕ್ಕೆ ಮಣ್ಣು ಒತ್ತಿದ ಮೇಲೆ ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರೂ ಒಟ್ಟಿಗೆ ಕೂಗಿದೆವು.

"ಸಾವಿರದ ನೂರು."

ಸಂಜೆಯ ಹೊತ್ತಿಗೆ ಸಾವಿರದ ನೂರ ಹದಿನೆಂಟು. ಅವರ ಟೋಪಿ ಒದ್ದೆಯಾಗಿತ್ತು, ನಮ್ಮ ಮನೆಯ ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ. ರಾತ್ರಿ ಊಟ ಮುಗಿಸಿ ಹೊರಡುವಾಗ ಮರೆತು ಹೋದರು. ಮುಂದಿನ ಭಾನುವಾರ ಬರುತ್ತಾರಲ್ಲ.

ಊಟಕ್ಕೆ ಕೂತಾಗ ಅತ್ತೆ ಲೆಕ್ಕ ಹಾಕಿದ್ದಳು. "ಒಂದು ಮಳೆಗಾಲಕ್ಕೆ ಹದಿನಾರು ಭಾನುವಾರ. ಮೂರು ಮಳೆಗಾಲಕ್ಕೆ ನಲವತ್ತೆಂಟು. ವಾರಕ್ಕೆ ಹತ್ತೊಂಬತ್ತರ ಹಾಗೆ ನೆಟ್ರೆ ಸರಿಯಾಗಿ ಮುಗಿಯುತ್ತೆ. ಹನ್ನೆರಡು ಸತ್ರೂ ಪರವಾಗಿಲ್ಲ."

"ಅವಸರ ಏನೂ ಇಲ್ಲ ಟೀಚರ್" ಅಂದರು ಅವರು.

ನಾಲ್ಕು ಜನ ಆಳುಗಳನ್ನು ಕರೆದರೆ ಒಂಬೈನೂರು ಸಸಿ ಒಂದು ವಾರದ ಕೆಲಸ. ನನಗೆ ಗೊತ್ತು, ಅವರಿಗೆ ಗೊತ್ತು, ಬಣ್ಣದಣ್ಣನಿಗಂತೂ ಚೆನ್ನಾಗಿ ಗೊತ್ತು. ಅವನು ಬಾಯಿ ತೆರೆದ. ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ನಾನೂ ಎತ್ತಲಿಲ್ಲ.